ಬಿ ಫಾರಂಗೆ ಸಹಿ ಹಾಕುವವರಿಗೆ ಕಲ್ಯದಿಂದ ಒಂದು ಬಹಿರಂಗ ಪತ್ರ

ಕಾಂಗ್ರೆಸ್, ಜೆಡಿಎಸ್, ಬಿಜೆಪಿ ಮತ್ತು ಉಳಿದೆಲ್ಲ ಪಕ್ಷಗಳಲ್ಲಿ ಟಿಕೆಟ್ ಯಾರಿಗೆಂದು ತೀರ್ಮಾನಿಸುವ ಹಿರಿಯರೇ,

ನಾನು ಮಾಗಡಿ ತಾಲ್ಲೂಕಿನ ಕಲ್ಯದ ಮತದಾರ. ನಮ್ಮ ಜಿಲ್ಲೆಯ ಹೆಸರು ಈಗ ಬೆಂಗಳೂರು ದಕ್ಷಿಣ. 2025ರವರೆಗೆ ರಾಮನಗರ ಎಂದಿತ್ತು, 2007ಕ್ಕೆ ಮುಂಚೆ ನಾವು ಬೆಂಗಳೂರು ಗ್ರಾಮಾಂತರದವರು. ಹೆಸರು ಏನೇ ಇರಲಿ, ಈ ನೆಲಕ್ಕೆ ರಾಜಕಾರಣ ಹೊಸದಲ್ಲ. ಕೆಂಗಲ್ ಹನುಮಂತಯ್ಯ, ರಾಮಕೃಷ್ಣ ಹೆಗಡೆ, ದೇವೇಗೌಡ, ಕುಮಾರಸ್ವಾಮಿ ಇವರೆಲ್ಲ ಇಲ್ಲಿನ ಕ್ಷೇತ್ರಗಳಿಂದ ಗೆದ್ದ ಮುಖ್ಯಮಂತ್ರಿಗಳು. ಅವರಲ್ಲಿ ಒಬ್ಬರು ಪ್ರಧಾನಿಯೂ ಆದರು. ಇಂಥ ಜಿಲ್ಲೆಯ ಮತದಾರನಿಗೆ ಓಟು ಹಾಕುವುದೆಂದರೆ ಹಬ್ಬವಾಗಬೇಕಿತ್ತು. ಆದರೆ ಚುನಾವಣೆ ಹತ್ತಿರ ಬಂದಾಗ ಡೇರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರ ಬಾಯಲ್ಲಿ ಬರುವುದು ಒಂದೇ ಮಾತು: 'ಈ ಸಲ ಯಾರ್ಗಪ್ಪಾ ಹಾಕದು?'

ಇದು ಯಾವ ಪಕ್ಷ ಗೆಲ್ಲುತ್ತದೆ ಎಂಬ ಕುತೂಹಲದ ಮಾತಲ್ಲ. ನಿಂತಿರುವವರಲ್ಲಿ ಈ ಕೆಲಸಕ್ಕೆ ಆಗಬಲ್ಲವರು ಯಾರೂ ಕಾಣದಿದ್ದಾಗ ಬರುವ ಸಂಕಟದ ಮಾತು. ಆ ಸಂಕಟವನ್ನು ನಿಮ್ಮ ಮುಂದೆ ಇಡಬೇಕೆಂದೇ ಬರೆಯುತ್ತಿದ್ದೇನೆ. ಏಕೆಂದರೆ ನಾವು ಬೆರಳಿಗೆ ಶಾಯಿ ಹಾಕಿಸಿಕೊಳ್ಳುವ ಹೊತ್ತಿಗೆ ಆಯ್ಕೆಯ ಮುಕ್ಕಾಲು ಪಾಲು ನಿಮ್ಮ ಕೋಣೆಯಲ್ಲಿ ಮುಗಿದಿರುತ್ತದೆ.

2018ರ ರಾಮನಗರ ಉಪಚುನಾವಣೆ ನಿಮಗೆ ನೆನಪಿರಬೇಕು. ಆ ವರ್ಷ ಮೇ ತಿಂಗಳಲ್ಲಿ ಕುಮಾರಸ್ವಾಮಿಯವರು ರಾಮನಗರ, ಚನ್ನಪಟ್ಟಣ ಎರಡೂ ಕಡೆ ಗೆದ್ದರು. ಚನ್ನಪಟ್ಟಣ ಉಳಿಸಿಕೊಂಡು ರಾಮನಗರ ಬಿಟ್ಟರು. ತೆರವಾದ ಸ್ಥಾನಕ್ಕೆ ನವೆಂಬರ್ 3ರಂದು ಮತದಾನ ಗೊತ್ತಾಯಿತು. ಬಿಜೆಪಿ ಟಿಕೆಟ್ ಕೊಟ್ಟಿದ್ದು ಕೆಲವೇ ವಾರಗಳ ಹಿಂದೆ ಕಾಂಗ್ರೆಸ್‌ನಿಂದ ಬಂದಿದ್ದ ಎಲ್. ಚಂದ್ರಶೇಖರ್ ಅವರಿಗೆ. ಮತದಾನಕ್ಕೆ ಎರಡು ದಿನ ಇರುವಾಗ, ನವೆಂಬರ್ 1ರಂದು, ಅವರು ಕಣದಿಂದ ಹಿಂದೆ ಸರಿದೆ ಎಂದು ಹೇಳಿ ಕಾಂಗ್ರೆಸ್‌ಗೆ ಮರಳಿದರು. ನಾಮಪತ್ರ ಹಿಂಪಡೆಯುವ ದಿನ ಎಂದೋ ಮುಗಿದಿತ್ತು. ಹಾಗಾಗಿ ಮತಯಂತ್ರದಲ್ಲಿ ಅವರ ಹೆಸರೂ ಪಕ್ಷದ ಗುರುತೂ ಹಾಗೆಯೇ ಉಳಿದವು. ಜೆಡಿಎಸ್‌ನ ಅನಿತಾ ಕುಮಾರಸ್ವಾಮಿಯವರು 1,09,137 ಮತಗಳ ಅಂತರದಿಂದ ಗೆದ್ದರು. ಪತ್ರಿಕೆಗಳು ಆ ಅಂತರವನ್ನು ದೊಡ್ಡಕ್ಷರದಲ್ಲಿ ಹಾಕಿದವು.

ನನ್ನನ್ನು ಕಾಡುವುದು ಇನ್ನೊಂದು ಅಂಕಿ. ಕಣ ಬಿಟ್ಟು ಹೋದ ಅಭ್ಯರ್ಥಿಗೆ ಬಿದ್ದ ಮತ 15,906. ಅಷ್ಟು ಜನ ಸಾಲಿನಲ್ಲಿ ನಿಂತು, ಪಟ್ಟಿಯಲ್ಲಿ ಹೆಸರು ಹುಡುಕಿಸಿ, ಸಹಿ ಮಾಡಿ, ಎದುರು ಪಕ್ಷಕ್ಕೆ ಹೋಗಿಬಿಟ್ಟಿದ್ದ ಮನುಷ್ಯನ ಹೆಸರಿನ ಮುಂದಿನ ಗುಂಡಿ ಒತ್ತಿದರು. ಕೆಲವರು ಪಕ್ಷದ ಮೇಲಿನ ನಿಷ್ಠೆಯಿಂದ ಒತ್ತಿರಬಹುದು, ಕೆಲವರಿಗೆ ಸುದ್ದಿ ತಲುಪಿರಲಿಕ್ಕಿಲ್ಲ. ಅವರಲ್ಲಿ ಒಬ್ಬೊಬ್ಬರ ಕ್ಷಮೆಯನ್ನೂ ಟಿಕೆಟ್ ಕೊಟ್ಟವರು ಕೇಳಬೇಕಾಗಿತ್ತು. ಆ ಟಿಕೆಟ್ ಕೊಟ್ಟವರು ಯಾರು, ಯಾವ ಭರವಸೆಯ ಮೇಲೆ ಕೊಟ್ಟರು ಎಂದು ಒಬ್ಬರಾದರೂ ಹಳ್ಳಿಗೆ ಬಂದು ಹೇಳಬೇಕಾಗಿತ್ತು. ಸಹಕಾರ ಸಂಘದಲ್ಲಿ ಸಾಲ ತೆಗೆದವನು ಊರು ಬಿಟ್ಟರೆ ನೋಟಿಸು ಜಾಮೀನು ಹಾಕಿದವನ ಮನೆ ಬಾಗಿಲಿಗೆ ಬರುತ್ತದೆ. ಅಭ್ಯರ್ಥಿಗೆ ಜಾಮೀನು ನಿಂತ ನಿಮ್ಮ ಸಹಿಗೆ ಅಷ್ಟು ಭಾರವೂ ಇಲ್ಲವೇ?

ಸಹಿಯ ವಿಷಯ ಬಂದಿದ್ದರಿಂದ ಕಾನೂನಿನ ಒಂದು ಸಂಗತಿ ಹೇಳುತ್ತೇನೆ. ವಿಧಾನಸಭೆಗೆ ಪಕ್ಷೇತರನಾಗಿ ನಿಲ್ಲುವ ಬಡವನ ನಾಮಪತ್ರಕ್ಕೆ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಿ ಸಹಿ ಹಾಕಬೇಕು. ನಿಮ್ಮಂಥ ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಯಾಕೆಂದರೆ ಪಕ್ಷವೇ ಅವನನ್ನು ಅಳೆದು ತೂಗಿ ಕಳಿಸಿದೆ ಎಂದು ಕಾನೂನು ನಂಬಿದೆ. ನಾವೂ ಹಾಗೆಯೇ ನಂಬಿದೆವು. ಗುರುತು ನೋಡಿ ಓಟು ಹಾಕುವುದೆಂದರೆ ಅದೇ ತಾನೆ? ಮನುಷ್ಯ ಗೊತ್ತಿಲ್ಲದಿದ್ದರೂ ಕಳಿಸಿದವರು ಗೊತ್ತು ಎಂಬ ನಂಬಿಕೆ.

ಆ ನಂಬಿಕೆ ಸವೆದುಹೋದ ಬಗೆಯನ್ನು ಚನ್ನಪಟ್ಟಣದಲ್ಲಿ ನೋಡಬಹುದು. ಸಿ.ಪಿ. ಯೋಗೇಶ್ವರ್ ಅವರು ಅಲ್ಲಿಂದ 1999ರಲ್ಲಿ ಪಕ್ಷೇತರರಾಗಿ ಗೆದ್ದರು. ಆಮೇಲೆ ಕಾಂಗ್ರೆಸ್‌ನಿಂದ, ಬಿಜೆಪಿಯಿಂದ, ಸಮಾಜವಾದಿ ಪಕ್ಷದಿಂದಲೂ ಗೆದ್ದರು. 2024ರ ಅಕ್ಟೋಬರ್ 23ರಂದು, ನಾಮಪತ್ರಕ್ಕೆ ಇನ್ನು ಎರಡೇ ದಿನ ಇರುವಾಗ, ಬಿಜೆಪಿಯಿಂದ ಮತ್ತೆ ಕಾಂಗ್ರೆಸ್‌ಗೆ ಬಂದರು. ನವೆಂಬರ್ 13ರ ಉಪಚುನಾವಣೆಯಲ್ಲಿ ಜೆಡಿಎಸ್‌ನ ನಿಖಿಲ್ ಕುಮಾರಸ್ವಾಮಿಯವರನ್ನು 25,413 ಮತಗಳಿಂದ ಸೋಲಿಸಿದರು. ಆ ಉಪಚುನಾವಣೆ ಬಂದದ್ದೂ ಅಲ್ಲಿನ ಶಾಸಕರಾಗಿದ್ದ ಕುಮಾರಸ್ವಾಮಿಯವರು ಮಂಡ್ಯದಿಂದ ಲೋಕಸಭೆಗೆ ಹೋದದ್ದರಿಂದ. ಇದನ್ನು ನೋಡಿ ಹೊರಗಿನವರು ಚನ್ನಪಟ್ಟಣದ ಮತದಾರರಿಗೆ ತತ್ವವಿಲ್ಲ ಎಂದರು. ನಾನು ಒಪ್ಪುವುದಿಲ್ಲ. ಅಲ್ಲಿನ ಹಳ್ಳಿಗಳಲ್ಲಿ ನಡೆದ ವಾದ ಯಾವುದರ ಬಗ್ಗೆ ಗೊತ್ತೇ? ಇಗ್ಗಲೂರು ಬ್ಯಾರೇಜು ಕಟ್ಟಿಸಿದ್ದು ಯಾರು, ಅಲ್ಲಿಂದ ನೀರೆತ್ತಿ ಕೆರೆ ತುಂಬಿಸಿದ್ದು ಯಾರು ಎಂಬುದರ ಬಗ್ಗೆ. ದೇವೇಗೌಡರ ಹೆಸರು ಹೇಳುವವರು ಒಂದು ಕಡೆ, ಯೋಗೇಶ್ವರ್ ಹೆಸರು ಹೇಳುವವರು ಇನ್ನೊಂದು ಕಡೆ. ನೀವು ಕೊಟ್ಟ ಗುರುತಿಗೆ ಅರ್ಥ ಉಳಿಯದಿದ್ದಾಗ ಜನ ಕೆರೆಯಲ್ಲಿ ನೀರಿದೆಯೋ ಇಲ್ಲವೋ ಎಂದು ನೋಡಿ ಮನುಷ್ಯನನ್ನು ಅಳೆದರು. ನನ್ನ ದೃಷ್ಟಿಯಲ್ಲಿ ಅದು ತತ್ವವೇ.

ಹಾಗೆಯೇ 2024ರ ಲೋಕಸಭೆ ಚುನಾವಣೆಯಲ್ಲಿ ಬೆಂಗಳೂರು ಗ್ರಾಮಾಂತರ ಕ್ಷೇತ್ರ ಜಯದೇವ ಆಸ್ಪತ್ರೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಅವರನ್ನು 2,69,647 ಮತಗಳ ಅಂತರದಿಂದ ಗೆಲ್ಲಿಸಿತು. ಅವರು ದೇವೇಗೌಡರ ಅಳಿಯ ಎಂಬುದೂ ಲೆಕ್ಕಕ್ಕೆ ಬಂದಿರುತ್ತದೆ, ಆ ಮಾತು ಮರೆಮಾಚಬೇಕಾಗಿಲ್ಲ. ಹೃದಯದ ಚಿಕಿತ್ಸೆ ಬಲ್ಲವರಿಗೆ ಸಂಸತ್ತಿನ ಕೆಲಸ ತಾನಾಗಿ ಬರುತ್ತದೆ ಎಂದೂ ನಾನು ಹೇಳುವುದಿಲ್ಲ. ಆದರೆ ಒಬ್ಬ ಮನುಷ್ಯ ಬದುಕಿನಲ್ಲಿ ಏನೋ ಒಂದು ಕೆಲಸವನ್ನು ನೆಟ್ಟಗೆ ಮಾಡಿ ತೋರಿಸಿದ್ದಾನೆ ಎಂದು ಕಂಡರೆ ನಮ್ಮ ಜನ ಅದಕ್ಕೆ ಬೆಲೆ ಕೊಡುತ್ತಾರೆ. ಕುಕ್ಕರು, ಸೀರೆ, ಟೋಕನ್ ಬಿಟ್ಟರೆ ಮತದಾರನಿಗೆ ಬೇರೇನೂ ಬೇಡ ಎಂದು ನಿಮ್ಮ ಕೋಣೆಯಲ್ಲಿ ಆಡಿಕೊಳ್ಳುವ ಮಾತು ಸುಳ್ಳು.

ಇಷ್ಟು ಹೇಳಿದ ಮೇಲೆ 'ಹಾಗಾದರೆ ಡಿಗ್ರಿ ಇದ್ದವರಿಗೇ ಟಿಕೆಟ್ ಕೊಡೋಣವೇ?' ಎಂದು ಕೇಳಬೇಡಿ. ನಮಗೆ ಬೇಕಾಗಿರುವುದು ಅದಲ್ಲ. ಅಂಗನವಾಡಿ ಕಾರ್ಯಕರ್ತೆಯಾಗಲು ಓದು ಕೇಳುತ್ತಾರೆ, ಗ್ರಾಮ ಆಡಳಿತ ಅಧಿಕಾರಿಯಾಗಲು ಪರೀಕ್ಷೆ ಬರೆಸುತ್ತಾರೆ, ಶಾಸಕನಾಗಲು ಇಪ್ಪತ್ತೈದು ವರ್ಷ ವಯಸ್ಸಾದರೆ ಸಾಕು ಎಂದು ಬೇಸರಪಡುವವರು ಬಹಳ ಜನ. ಆ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಹರಿಯಾಣದಲ್ಲಿ 2015ರಲ್ಲಿ ಪಂಚಾಯಿತಿಗೆ ನಿಲ್ಲಲು ಶಾಲೆಯ ಓದು ಕಡ್ಡಾಯ ಮಾಡಿದಾಗ, ಆ ಕಾನೂನನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದರೂ, ಬಾಗಿಲು ಮುಚ್ಚಿದ್ದು ಹೆಚ್ಚಾಗಿ ಬಡವರಿಗೆ, ದಲಿತರಿಗೆ, ಶಾಲೆಯ ಮುಖ ನೋಡಲಾಗದ ಹೆಣ್ಣುಮಕ್ಕಳಿಗೆ. ಯಾವ ಕೊಳವೆಬಾವಿ ಬತ್ತಿದೆ, ಯಾವ ಮನೆಗೆ ಪಿಂಚಣಿ ನಿಂತಿದೆ ಎಂದು ಬೆರಳ ತುದಿಯಲ್ಲಿ ಹೇಳುವ ಸದಸ್ಯೆಯರು ನಮ್ಮ ಕಡೆಯ ಪಂಚಾಯಿತಿಗಳಲ್ಲಿ ಇದ್ದಾರೆ. ಅವರನ್ನು ಅಂಕಪಟ್ಟಿ ಕೇಳಿ ಹೊರಗೆ ಕಳಿಸುವುದು ಅನ್ಯಾಯ.

ನಮಗೆ ಬೇಕಾದ ಅರ್ಹತೆ ಎಂಥದ್ದು ಎನ್ನಲು ಮಾಗಡಿಯದೇ ಒಂದು ವಿಷಯ ಸಾಕು. ನಮ್ಮ ತಾಲ್ಲೂಕಿನ ಕೆರೆಗಳಿಗೆ ಹೇಮಾವತಿ ನೀರು ತರುವ ಶ್ರೀರಂಗ ಏತ ನೀರಾವರಿ ಯೋಜನೆಯ ಮಾತು ಕೇಳುತ್ತಾ ವರ್ಷಗಳೇ ಉರುಳಿದವು. ಆ ನೀರು ತರುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿರುದ್ಧ ತುಮಕೂರಿನ ರೈತರು ಬೀದಿಗಿಳಿದರು. ತಮ್ಮ ಪಾಲಿನ ನೀರು ಹೋಗುತ್ತದೆ ಎಂಬ ಅವರ ಭಯವೂ ಸಾಚಾ, ನಮ್ಮ ಒಣಗಿದ ಕೆರೆಯೂ ಸಾಚಾ. ನಮ್ಮ ಪ್ರತಿನಿಧಿಯಾಗುವವನಿಗೆ ನೀರಿನ ಹಂಚಿಕೆಯ ಲೆಕ್ಕ ಓದಲು ಬರಬೇಕು. ಎಂಜಿನಿಯರು ಹೇಳಿದ್ದರಲ್ಲಿ ತಪ್ಪು ಎಲ್ಲಿದೆ ಎಂದು ಕೇಳಲು ಬರಬೇಕು. ತುಮಕೂರಿನವರ ಜೊತೆ ಕೂತು, ಅವರನ್ನು ಶತ್ರುವಾಗಿಸದೆ, ನಮ್ಮ ಪಾಲು ಕೇಳಲು ಬರಬೇಕು. ಬಿಡದಿಯ ಕಡೆ ಟೌನ್‌ಶಿಪ್‌ಗೆಂದು ಭೂಸ್ವಾಧೀನದ ನೋಟಿಸು ಬಂದ ರೈತನಿಗೂ ಹೀಗೆಯೇ ಆ ನೋಟಿಸು ಓದಿ ಅರ್ಥ ಹೇಳಿ ಸದನದಲ್ಲಿ ನಿಲ್ಲುವವರು ಬೇಕು. ಇದನ್ನು ಯಾವ ಕಾಲೇಜೂ ಕಲಿಸುವುದಿಲ್ಲ, ಯಾವ ಮನೆತನದ ಹೆಸರೂ ಕಲಿಸುವುದಿಲ್ಲ.

ಮೊದಲು ಇದನ್ನು ಕಲಿಸುತ್ತಿದ್ದ ಜಾಗಗಳಿದ್ದವು. ದೇವೇಗೌಡರು ವಿಧಾನಸಭೆಗೆ ಬರುವ ಮುಂಚೆ ಹೊಳೆನರಸೀಪುರದಲ್ಲಿ ಆಂಜನೇಯ ಸಹಕಾರ ಸಂಘದ ಅಧ್ಯಕ್ಷರಾಗಿ, ತಾಲ್ಲೂಕು ಅಭಿವೃದ್ಧಿ ಮಂಡಳಿಯ ಸದಸ್ಯರಾಗಿ ಪಳಗಿದ್ದರು. ಇವತ್ತು ಹಾಗೆ ಪಳಗಲು ಜಾಗ ಎಲ್ಲಿದೆ? 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನಿಮ್ಮಲ್ಲಿ ಯಾವ ಪಕ್ಷ ಅಧಿಕಾರದಲ್ಲಿದ್ದರೂ ಇದೇ ಕಥೆ. ಶಾಸಕರಾಗುವ ಮುಂಚೆ ಜನರ ಕೈಗೆ ಸಿಕ್ಕಿ, ಬೈಸಿಕೊಂಡು, ಕೆಲಸ ಕಲಿಯುವ ಮೆಟ್ಟಿಲುಗಳನ್ನು ನೀವೇ ತೆಗೆದುಹಾಕಿದಿರಿ. ಮೆಟ್ಟಿಲಿಲ್ಲದ ಮೇಲೆ ಮೇಲಕ್ಕೆ ಬರುವುದು ದುಡ್ಡಿದ್ದವರು, ಇಲ್ಲವೇ ದೊಡ್ಡವರ ಮಕ್ಕಳು. ಆಮೇಲೆ ಗೆಲ್ಲುವ ಕುದುರೆ ಬೇರೆ ಸಿಗಲಿಲ್ಲ ಎನ್ನುತ್ತೀರಿ.

ನೀವು ಮಾಡುವ ಆಯ್ಕೆಯ ಪರಿಣಾಮ ಮಾಗಡಿ ಕೆರೆಗೇ ನಿಲ್ಲುವುದಿಲ್ಲ. ದೇಶದ ರಾಷ್ಟ್ರಪತಿಯನ್ನು ಆರಿಸುವವರೂ ಹೀಗೆ ಗೆದ್ದುಹೋದ ಶಾಸಕರು, ಸಂಸದರೇ. ಕರ್ನಾಟಕದ ಒಬ್ಬೊಬ್ಬ ಶಾಸಕನ ಮತಕ್ಕೂ ಆ ಚುನಾವಣೆಯಲ್ಲಿ 131ರ ಮೌಲ್ಯ. ಚುನಾವಣಾಧಿಕಾರಿ ಕೊಡುವ ನೇರಳೆ ಶಾಯಿಯ ಪೆನ್ನಿನಿಂದ ತನಗೆ ಬೇಕಾದ ಹೆಸರಿನ ಮುಂದೆ 1 ಎಂಬ ಅಂಕಿ ಬರೆಯಬೇಕು, ಅಷ್ಟೇ ಕೆಲಸ. 2022ರಲ್ಲಿ ದೇಶದಾದ್ಯಂತ ಹೀಗೆ ಮತ ಹಾಕಿದ ಸಂಸದರು, ಶಾಸಕರಲ್ಲಿ 53 ಜನರ ಮತ ಅಸಿಂಧುವಾಯಿತು. ಬೇಕೆಂದೇ ಕೆಡಿಸಿದವರು ಕೆಲವರಿರಬಹುದು, ಗೊತ್ತಾಗದೆ ಕೆಟ್ಟದ್ದು ಕೆಲವಿರಬಹುದು. ಎರಡರಲ್ಲಿ ಯಾವುದೇ ಆಗಿರಲಿ, ನಮ್ಮಂಥ ಲಕ್ಷಾಂತರ ಜನರ ದನಿ ಆ ಚೀಟಿಯ ಜೊತೆ ಕಸದ ಬುಟ್ಟಿಗೆ ಹೋಯಿತು.

ರಾಷ್ಟ್ರಪತಿ ಚುನಾವಣೆಯಿಂದ ನಿಮಗೊಂದು ಪಾಠವೂ ಇದೆ. 1967ರಲ್ಲಿ ಆ ಹುದ್ದೆಗೆ 17 ಜನ ನಿಂತರು, ಅವರಲ್ಲಿ ಒಂಬತ್ತು ಜನರಿಗೆ ಒಂದೇ ಒಂದು ಮತವೂ ಬೀಳಲಿಲ್ಲ. ಆಮೇಲೆ 1974ರಲ್ಲಿ ಕಾನೂನು ತಿದ್ದಿ ಸೂಚಕರು, ಅನುಮೋದಕರು ಬೇಕೆಂದರು. ಈಗ 50 ಸೂಚಕರು, 50 ಅನುಮೋದಕರು, ಎಲ್ಲರೂ ಆ ಚುನಾವಣೆಯ ಮತದಾರರೇ ಆಗಿರಬೇಕು. ಅಂದರೆ ನೂರು ಜನ ಹೆಸರು ಹೇಳಿ, ಸಹಿ ಹಾಕಿ, ಇವರು ಈ ಹುದ್ದೆಗೆ ತಕ್ಕವರು ಎಂದು ಹೊಣೆ ಹೊರುತ್ತಾರೆ. ನಮ್ಮ ವಿಧಾನಸಭೆ, ಲೋಕಸಭೆಗಳಲ್ಲಿ ಆಗಿದ್ದು ಬೇರೆ. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರವೊಂದರಲ್ಲೇ 456 ಜನ ನಿಂತಾಗ ಠೇವಣಿ ಹೆಚ್ಚಿಸಿದರು. ದುಡ್ಡಿನ ಜರಡಿ ಹಿಡಿದರೆ ಉಳಿಯುವುದು ದುಡ್ಡಿದ್ದವರೇ.

ಹೊಣೆಯನ್ನು ಹೆಸರು ಹಿಡಿದು ಹೊರಿಸುವುದು ಹೇಗೆಂದು ನಮ್ಮೂರಿನ ಕಲ್ಲಿಗೆ ಗೊತ್ತು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಿದ್ದು, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆಯ ಜೈನರ ಜೊತೆ ಕಲ್ಲೆಹದ, ಅಂದರೆ ನಮ್ಮ ಕಲ್ಯದ ಜೈನರೂ ವಿಜಯನಗರದ ಬುಕ್ಕರಾಯನ ಮುಂದೆ ದೂರಿಟ್ಟರು. ರಾಯ ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ತೀರ್ಪು ಕೊಟ್ಟ. ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಅಲ್ಲಿಗೇ ಬಿಡಲಿಲ್ಲ. ಮನೆಗೆ ವರ್ಷಕ್ಕೊಂದು ಹಣ ಎತ್ತಬೇಕು, ಬೆಳಗೊಳಕ್ಕೆ ಇಪ್ಪತ್ತು ಕಾವಲಿನವರನ್ನು ನೇಮಿಸಬೇಕು, ಉಳಿದ ಹಣದಲ್ಲಿ ಹಾಳಾದ ಬಸದಿ ರಿಪೇರಿ ಮಾಡಿಸಬೇಕು, ಇದನ್ನೆಲ್ಲ ತಿರುಮಲೆಯ ತಾತಯ್ಯ ನಡೆಸಬೇಕು ಎಂದು ಹೆಸರು ಸಮೇತ ಗೊತ್ತುಮಾಡಿದ. ಒಂದು ಪ್ರತಿ ಶ್ರವಣಬೆಳಗೊಳದಲ್ಲಿ, ಒಂದು ಪ್ರತಿ ಕಲ್ಯದಲ್ಲಿ ಕಲ್ಲಿನ ಮೇಲೆ ನಿಂತಿತು. ಅವನು ರಾಜ, ಯಾರ ಓಟೂ ಬೇಕಿರಲಿಲ್ಲ. ಆದರೂ ಕಾರಣ ಹೇಳಿದ, ಹೊಣೆಗಾರನ ಹೆಸರು ಬರೆಸಿದ, ಎಲ್ಲರೂ ಓದುವ ಜಾಗದಲ್ಲಿ ನಿಲ್ಲಿಸಿದ.

ನಿಮ್ಮನ್ನು ನಾನು ಕೇಳುವುದೂ ಅಷ್ಟನ್ನೇ. ಅದಕ್ಕೆ ಹೊಸ ಕಾನೂನೂ ಬೇಕಾಗಿಲ್ಲ. 2020ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಮಾಡಿತು: ಕ್ರಿಮಿನಲ್ ಪ್ರಕರಣ ಇರುವವರಿಗೆ ಟಿಕೆಟ್ ಕೊಟ್ಟರೆ, ಅವರನ್ನೇ ಯಾಕೆ ಆರಿಸಿದಿರಿ, ಪ್ರಕರಣವಿಲ್ಲದ ಬೇರೆಯವರು ಯಾಕೆ ಸಿಗಲಿಲ್ಲ ಎಂದು ಪಕ್ಷ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಕಾರಣವು ಅಭ್ಯರ್ಥಿಯ ಅರ್ಹತೆ, ಸಾಧನೆಗಳ ಬಗ್ಗೆ ಇರಬೇಕು, ಗೆಲ್ಲುತ್ತಾರೆ ಎನ್ನುವುದೊಂದೇ ಕಾರಣ ಆಗಕೂಡದು. ಬಿಹಾರ ಚುನಾವಣೆಯಲ್ಲಿ ಇದನ್ನು ಪಾಲಿಸದ ಪಕ್ಷಗಳಿಗೆ ಮರುವರ್ಷ ದಂಡವನ್ನೂ ಹಾಕಿತು. ನೀವು ಆ ಪ್ರಕಟಣೆ ಕೊಡುತ್ತೀರಿ, ನಿಜ. ಪತ್ರಿಕೆಯ ಒಳಪುಟದಲ್ಲಿ, ಕನ್ನಡಕ ಹಾಕಿದವರಿಗೂ ಕಾಣದ ಅಕ್ಷರದಲ್ಲಿ.

ಅದನ್ನು ದೊಡ್ಡಕ್ಷರದಲ್ಲಿ, ಪ್ರತಿ ಅಭ್ಯರ್ಥಿಗೂ, ಪ್ರಕರಣ ಇರಲಿ ಇಲ್ಲದಿರಲಿ, ಬರೆದು ಪ್ರತಿ ಪಂಚಾಯಿತಿ ಕಚೇರಿಯ ಫಲಕಕ್ಕೆ ಅಂಟಿಸಿ. ಈತ ಯಾವ ಕೆಲಸ ಮಾಡಿದ್ದಾನೆ, ಟಿಕೆಟ್‌ಗೆ ಅರ್ಜಿ ಹಾಕಿದ್ದ ಉಳಿದವರಿಗಿಂತ ಇವನು ಯಾವುದರಲ್ಲಿ ಮೇಲು, ಎಷ್ಟು ದಿನದಿಂದ ನಿಮ್ಮ ಪಕ್ಷದಲ್ಲಿದ್ದಾನೆ ಎಂದು ಬರೆಯಿರಿ. ಕೆಳಗೆ ಶಿಫಾರಸು ಮಾಡಿದವರ ಹೆಸರು, ಸಹಿ ಇರಲಿ. ಅಭ್ಯರ್ಥಿ ನಡುವೆ ಕಣ ಬಿಟ್ಟರೆ, ಗೆದ್ದು ಸ್ಥಾನ ಬಿಟ್ಟರೆ, ಆ ಸಹಿ ಹಾಕಿದವರು ಊರಿಗೆ ಬಂದು ಉತ್ತರ ಕೊಡಲಿ. ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆಗಳನ್ನು ಇನ್ನು ಯಾವತ್ತೂ ಮುಂದೂಡುವುದಿಲ್ಲ ಎಂದು ಪ್ರಣಾಳಿಕೆಯಲ್ಲಿ ಸೇರಿಸಿ. ನೋಟಾ ಇದೆಯಲ್ಲ ಎನ್ನಬೇಡಿ. 2013ರಿಂದ ಆ ಗುಂಡಿ ಇದೆ, ಅದಕ್ಕೆ ಎಷ್ಟು ಓಟು ಬಿದ್ದರೂ ವಿಧಾನಸಭೆಗೆ ಹೋಗುವುದು ನಿಮ್ಮ ಅಭ್ಯರ್ಥಿಗಳಲ್ಲೇ ಒಬ್ಬರು.

ಮುಂದಿನ ವಿಧಾನಸಭೆ ಚುನಾವಣೆಗೆ ಅರ್ಜಿ ಕರೆಯುವಾಗ ಆಕಾಂಕ್ಷಿಗಳಿಂದ ಶುಲ್ಕ ಕಟ್ಟಿಸಿಕೊಳ್ಳುವುದರ ಜೊತೆಗೆ ಅವರನ್ನೆಲ್ಲ ಒಂದು ದಿನ ಮಾಗಡಿಗೆ ಕರೆತನ್ನಿ. ಮೈಕು, ಶಾಮಿಯಾನದ ಏರ್ಪಾಟು ನಾವು ಮಾಡುತ್ತೇವೆ. ಬಾಡೂಟ ಬೇಡ. ಹೇಮಾವತಿ ನೀರಿನ ಹಂಚಿಕೆ ಆದೇಶದ ಪ್ರತಿಯನ್ನು ಅವರ ಕೈಗೆ ಕೊಡುತ್ತೇವೆ, ಓದಿ ನಮಗೆ ಬಿಡಿಸಿ ಹೇಳಲಿ.

ಇಂತಿ ತಮ್ಮ ವಿಶ್ವಾಸಿ,
ಕಲ್ಯದ ಒಬ್ಬ ಮತದಾರ