ಇರ್ಲಿ ರಾಯರ ಬಾಯ್ಲರು

ರಾಯರ ನಿಜನಾಮ ಏನೋ ಇದೆ. ಮ್ಯಾಂಚೆಸ್ಟರಿನಲ್ಲಿರುವ ನಾವು ನಾಲ್ಕಾರು ಕನ್ನಡದ ಮನೆಗಳವರಿಗೆ ಮಾತ್ರ ಅವರು ‘ಇರ್ಲಿ ರಾಯರು’. ಮಗನಿಗೆ ಶರ್ಟು ಕೊಂಡರೆ ಒಂದು ಸೈಜು ದೊಡ್ಡದು: “ಬೆಳೆಯೋ ಹುಡುಗ, ಇರ್ಲಿ.” ಆ ಹುಡುಗನಿಗೀಗ ಮೂವತ್ತೆರಡು, ತೋಳು ಇನ್ನೂ ಬೆರಳು ಮುಚ್ಚುತ್ತದೆ. ನಾಲ್ವರನ್ನು ಊಟಕ್ಕೆ ಕರೆದರೆ ಹತ್ತು ಜನಕ್ಕಾಗುವ ಬಿಸಿಬೇಳೆ ಬಾತ್: “ಯಾರಾದ್ರೂ ಬಂದ್ರೆ? ಇರ್ಲಿ.” ಯಾರೂ ಬರುವುದಿಲ್ಲ. ವಾರವಿಡೀ ಅದೇ ಬಾತು ಡಬ್ಬಿಯೇರಿ ಆಫೀಸಿಗೆ ಹೋಗುತ್ತದೆ.

ಇಂಥವರ ಮನೆಯ ಬಾಯ್ಲರು ಜನವರಿಯ ಒಂದು ಬೆಳಗ್ಗೆ ಕಣ್ಣು ಮುಚ್ಚಿತು. ಇಂಗ್ಲೆಂಡಿನಲ್ಲಿ ಬಾಯ್ಲರೆಂದರೆ ಬಚ್ಚಲಿನ ಗೀಸರಲ್ಲ. ಗೋಡೆಗೆ ನೇತುಬಿದ್ದ ಆ ಬಿಳಿ ಪೆಟ್ಟಿಗೆ ಗ್ಯಾಸು ಉರಿಸಿ ಕೋಣೆಕೋಣೆಯ ರೇಡಿಯೇಟರಿಗೆ ಬಿಸಿನೀರು ಸುತ್ತಿಸಬೇಕು, ನಲ್ಲಿಗೂ ಕೊಡಬೇಕು. ನಾನು ಹೋದಾಗ ರಾಯರು ಎರಡು ಸ್ವೆಟರು, ಒಂದು ಮಂಕಿ ಕ್ಯಾಪಿನೊಳಗೆ ಕೂತು ಕ್ಯಾಟಲಾಗು ಓದುತ್ತಿದ್ದರು.

“40 ಕಿಲೋವ್ಯಾಟಿಂದು ನೋಡಿಟ್ಟಿದೀನಿ.”

“ಮೂರು ರೂಮಿನ ಮನೆಗೆ 40 ಯಾಕೆ ರಾಯರೇ?”

“ಊರಿಂದ ಅಕ್ಕ ಭಾವ ಬಂದ್ರೆ? ಇರ್ಲಿ.”

ಅಷ್ಟರಲ್ಲಿ ಗ್ಯಾಸಿನ ಕೆಲಸಕ್ಕೆ ಬೇಕಾದ ‘ಗ್ಯಾಸ್ ಸೇಫ್’ ಕಾರ್ಡು ತೋರಿಸಿ ಎಂಜಿನಿಯರು ಒಳಬಂದ. ಗೋಡೆ, ಕಿಟಕಿ, ಅಟ್ಟ ಎಲ್ಲ ಅಳೆದ. ಹೊರಗೆ ಮೈನಸ್ 3 ಡಿಗ್ರಿ ಇದ್ದಾಗ ಒಳಗೆ 21 ಉಳಿಯಬೇಕಾದರೆ ಈ ಮನೆಗೆ 7 ಕಿಲೋವ್ಯಾಟು ಸಾಕೆಂದ. ನಾಲ್ಕು ಜನರ ಮುಂದೆ ತಮ್ಮ ಸಂಬಳ ಕಡಿಮೆ ಹೇಳಿದಂತೆ ರಾಯರ ಮುಖ ಕೆಂಪಾಯಿತು. “ಬರೀ ಏಳಾ?”

ಸ್ನಾನದ ನೀರು ಆ ಕ್ಷಣವೇ ಕಾಯಬೇಕಲ್ಲ, ಅದಕ್ಕೆ 24 ಬೇಕು. 35 ಡಿಗ್ರಿಯಷ್ಟು ಬಿಸಿಯೇರಿಸಿ ನಿಮಿಷಕ್ಕೆ ಸುಮಾರು 10 ಲೀಟರ್ ಕೊಡುತ್ತದೆ, ಎಂದ ಆತ. “40ರದು?” 16 ಲೀಟರ್. “ನೋಡಿದ್ರಾ! ಹದಿನಾರಿರ್ಲಿ!”

ರಾಯರ ಹೆಂಡತಿ ಮಾತಾಡಲಿಲ್ಲ. ಬಚ್ಚಲಿನಿಂದ 10 ಲೀಟರಿನ ಬಕೆಟ್ಟು ತಂದು ಸಿಂಕಿನ ನಲ್ಲಿ ಕೆಳಗಿಟ್ಟು ಪೂರ್ತಿ ತಿರುಗಿಸಿದರು. ತುಂಬುವಷ್ಟರಲ್ಲಿ ಗಡಿಯಾರದ ಮುಳ್ಳು ಸರಿಯಾಗಿ ಒಂದು ಸುತ್ತು ಬಂದಿತ್ತು. “ರೀ, ಬೀದಿ ಪೈಪು ಕೊಡೋದೇ ಹತ್ತು. ಮಿಕ್ಕ ಆರು ನೀವು ಎಲ್ಲಿಂದ ತರ್ತೀರಿ?”

ಎಂಜಿನಿಯರಿಗೆ ಕನ್ನಡ ಬಾರದಿದ್ದರೂ ಬಕೆಟ್ಟು ಅರ್ಥವಾಯಿತು. ಧೈರ್ಯ ಬಂದು ಉಳಿದದ್ದನ್ನೂ ಹೇಳಿದ. ಚಳಿ ಕಡಿಮೆಯಿರುವ ದಿನ ಮನೆಗೆ ಬೇಕಾಗುವುದು ಎರಡೋ ಮೂರೋ ಕಿಲೋವ್ಯಾಟು. ದೊಡ್ಡ ಬಾಯ್ಲರಿಗೆ ಉರಿಯನ್ನು ಅಷ್ಟು ಸಣ್ಣ ಮಾಡಲು ಬರದಿದ್ದರೆ ಹತ್ತಿಕೊಳ್ಳುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ. ಒಂದು ಲೋಟ ಕಾಫಿಗೆ ಮದುವೆಮನೆಯ ಒಲೆ ಹಚ್ಚಿದ ಹಾಗೆ. 2005ರಿಂದ ಇಲ್ಲಿ ಕಡ್ಡಾಯವಾಗಿರುವ ಕಂಡೆನ್ಸಿಂಗ್ ಬಾಯ್ಲರು ಹೊಗೆಯಲ್ಲಿನ ಹಬೆಯನ್ನೂ ನೀರಾಗಿಸಿ ಶಾಖ ಹಿಂಡುತ್ತದೆ. ಆದರೆ ರೇಡಿಯೇಟರಿನಿಂದ ಮರಳುವ ನೀರು 55 ಡಿಗ್ರಿಗಿಂತ ತಣ್ಣಗಿರಬೇಕು. ಸಣ್ಣ ಉರಿಯಲ್ಲಿ ನಿಧಾನವಾಗಿ ಓಡಿದರೇ ಅದಕ್ಕೆ ಸುಖ, ನಮಗೆ ಉಳಿತಾಯ.

ರಾಯರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತುಮಕೂರಿನ ಮನೆ ನೆನೆದರು. ಹನ್ನೊಂದು ಜನಕ್ಕೆ ಒಂದೇ ತಾಮ್ರದ ಹಂಡೆ. ಕಿರಿಯವರಾದ ಇವರದು ಕೊನೆಯ ಸರದಿ. ದೀಪಾವಳಿಯ ಬೆಳಗ್ಗೆಯೂ ಎಣ್ಣೆ ಹಚ್ಚಿಕೊಂಡು ನಿಂತವರ ತಲೆಗೆ ಬಿದ್ದದ್ದು ಉಗುರುಬೆಚ್ಚಗಿನ ತಳದ ನೀರು. ದೊಡ್ಡ ಹಂಡೆ ಇದ್ದಿದ್ದರೆ ಅನ್ನಿಸಿದ್ದು ಆಗಲೇ. ಆದರೆ ಹಂಡೆ ನೀರು ಕೂಡಿಡುವ ಪಾತ್ರೆ, ಗಾತ್ರವೇ ಅದರ ಬಲ. ಈ ಪೆಟ್ಟಿಗೆ ಏನನ್ನೂ ಕೂಡಿಡುವುದಿಲ್ಲ. ಹರಿಯುವ ನೀರನ್ನು ಹರಿದಷ್ಟೇ ಕಾಯಿಸುತ್ತದೆ.

ಕೊನೆಗೆ 24ರದೇ ಬಂತು. ಹೊರಡುವ ಮುನ್ನ ಎಂಜಿನಿಯರು ಶಾಖ ಹೊರಹೋಗದಂತೆ ಅಟ್ಟದಲ್ಲಿ ಹಾಸಿದ ಉಣ್ಣೆ ತೆಳುವಾಗಿದೆ, 270 ಮಿಲಿಮೀಟರ್ ದಪ್ಪವಿರಬೇಕು ಎಂದ. ರಾಯರ ಕಣ್ಣು ಹೊಳೆಯಿತು. “300 ಇರ್ಲಿ!”

ಅಂದು ಮೊದಲ ಬಾರಿಗೆ ಆತ ತಲೆಯಾಡಿಸಿದ. ರಾಯರ ‘ಇರ್ಲಿ’ಗೆ ಆ ಮನೆಯಲ್ಲಿ ಅಟ್ಟದಷ್ಟು ಜಾಗವಾದರೂ ಸಿಕ್ಕಿತು. ಬಾಯ್ಲರು ಬದಲಿಸುವವರು ನೀವಾದರೆ, ಕ್ಯಾಟಲಾಗು ಆಮೇಲೆ ತೆರೆಯಿರಿ. ಮೊದಲು ನಲ್ಲಿ ಕೆಳಗೆ ಒಂದು ಬಕೆಟ್ಟು ಇಡಿ.