ಒಂದೇ ಗಂಟೆ, ಯಾರಿಗೆ?

ಪಕ್ಕದ ಮನೆ ಮೇಷ್ಟ್ರಿಗೆ ಈಗ ವಿಮಾನದ ಗುಂಗು. ದಾಸವಾಳ ಕೀಳೋಕೆ ನಾನು ಬೇಲಿ ಹತ್ರ ಹೋದರೆ ಸಾಕು, ಶುರು.

"ಅಕ್ಕಾವ್ರೇ, ಬೆಂಗಳೂರಿಂದ ಶಿವಮೊಗ್ಗಕ್ಕೆ ಒಂದೇ ಗಂಟೆ ಕಣ್ರೀ. ನಾವು ಕಡೂರಿನವರು ಇನ್ನೂ ರೈಲು ರೈಲು ಅಂತ ಬಡ್ಕೋತೀವಿ."

"ಒಂದು ಗಂಟೆ ಯಾರಿಗೆ ಮೇಷ್ಟ್ರೇ? ದೇವನಹಳ್ಳೀಲಿ ಹುಟ್ಟಿ ಸೋಗಾನೆಗೆ ಸೊಸೆಯಾಗಿ ಬಂದವಳಿಗೆ."

ಮೇಷ್ಟ್ರು ಸುಮ್ಮನಿರೋ ಜಾತಿಯಲ್ಲ. ಒಳಗಿಂದ ಅಟ್ಲಾಸು, ಸ್ಕೇಲು ತಂದು ಕಾಂಪೌಂಡ್ ಕಲ್ಲಿನ ಮೇಲೆ ಹರಡಿದರು. ಬೆಂಗಳೂರಿನ ದೇವನಹಳ್ಳಿ, ಶಿವಮೊಗ್ಗದ ಸೋಗಾನೆ, ಈ ಎರಡು ವಿಮಾನ ನಿಲ್ದಾಣಗಳ ಮಧ್ಯೆ ನೇರ ಗೆರೆ ಎಳೆದರೆ ಹತ್ತಿರ ಹತ್ತಿರ 240 ಕಿಲೋಮೀಟರ್. ಮಜಾ ಏನಂದ್ರೆ, ಆ ಗೆರೆ ಹಾದು ಹೋಗೋದು ಅಜ್ಜಂಪುರದ ಈರುಳ್ಳಿ ಹೊಲಗಳ ಮೇಲೆ! ತರೀಕೆರೆ ಅದರಿಂದ ಒಂಚೂರು ಕೆಳಗೆ, ನಮ್ಮ ಕಡೂರು ಇನ್ನೂ ಕೆಳಗೆ. ಅಲ್ಲಿ ಓಡಾಡೋ ಎಟಿಆರ್ ವಿಮಾನ, ರೆಕ್ಕೆಗೆ ಫ್ಯಾನ್ ಇರೋದು, ಆಕಾಶದಲ್ಲಿ ಗಂಟೆಗೆ ಸುಮಾರು 500 ಕಿಲೋಮೀಟರ್ ಓಡುತ್ತೆ. ಲೆಕ್ಕದ ಪ್ರಕಾರ ಅರ್ಧ ಗಂಟೆ ಸಾಕು. ಉಳಿದದ್ದು ರನ್‌ವೇವರೆಗೆ ತೆವಳೋಕೆ, ಮೇಲೇರೋಕೆ, ನಿಧಾನ ಮಾಡಿ ಇಳಿಯೋಕೆ.

"ಸರಿ, ಈಗ ನಮ್ಮ ಲೆಕ್ಕ ಹಾಕಿ," ಅಂದೆ. ಬೆಂಗಳೂರಿಗೆ ಹೋಗೋಕೆ ಮೊದಲು ಬೆಂಗಳೂರಿಗೆ ಬೆನ್ನು ತಿರುಗಿಸಬೇಕು. ಬೀರೂರು, ತರೀಕೆರೆ, ಭದ್ರಾವತಿ ದಾಟಿ ಹೆಚ್ಚುಕಮ್ಮಿ 70 ಕಿಲೋಮೀಟರ್ ಹಿಂದಕ್ಕೆ. ಅಲ್ಲಿ ಚೆಕಿಂಗು, ಕಾಯೋದು. ಹತ್ತಿದ ಮೇಲೆ ವಿಮಾನ ಮತ್ತೆ ನಮ್ಮ ಸೀಮೆ ಮೇಲೇ ವಾಪಸ್ ಬರುತ್ತೆ! ದೇವನಹಳ್ಳೀಲಿ ಇಳಿದರೆ ಮೆಜೆಸ್ಟಿಕ್ಕಿಗೆ ಇನ್ನೂ ಮೂವತ್ತೈದು ಕಿಲೋಮೀಟರ್, ಹೆಬ್ಬಾಳದ ಟ್ರಾಫಿಕ್ಕು ಬೇರೆ. ಐದು ಗಂಟೆಗೆ ಮೋಸ ಇಲ್ಲ. ಒಳ್ಳೆ ರೈಲು ಸಿಕ್ಕರೆ ಕಡೂರಿಂದ ಮೂರೂವರೆ ಗಂಟೆ, ತಿಪಟೂರು ದಾಟೋಷ್ಟರಲ್ಲಿ ಒಂದು ನಿದ್ದೆ.

ಸೋಲೊಪ್ಪೋಕೆ ಮನಸ್ಸಿಲ್ಲದೆ ಮೇಷ್ಟ್ರು ಇತಿಹಾಸಕ್ಕೆ ಹಾರಿದರು. "ಅಜ್ಜಂಪುರದಲ್ಲಿ ಈಗಲೂ ಸಾಕ್ತಾರಲ್ಲ, ಅಮೃತಮಹಲ್ ತಳಿ? ಆ ಎತ್ತುಗಳನ್ನ ಕಟ್ಟಿಕೊಂಡು ಹೈದರಾಲಿ ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಹೋದನಂತೆ. ಆಗ ಅದೇ ವಿಮಾನ."

"ಆ ಲೆಕ್ಕದಲ್ಲಿ ಕಡೂರಿಂದ ಬೆಂಗಳೂರಿಗೆ ಮೂರೂವರೆ ದಿನ. ಹುಲ್ಲು ನೀವೇ ಹೊತ್ಕೊಂಡು ಹೋಗಿ."

ನಾನೇನು ವಿಮಾನದ ವೈರಿಯಲ್ಲ. 2023ರ ಫೆಬ್ರವರೀಲಿ ಸೋಗಾನೆ ನಿಲ್ದಾಣ ಉದ್ಘಾಟನೆ ಆದಾಗ, ಆಗಸ್ಟ್ 31ಕ್ಕೆ ಮೊದಲ ಪ್ರಯಾಣಿಕರು ಬಂದಿಳಿದಾಗ ಟಿವಿ ಮುಂದೆ ಕೂತು ಖುಷಿಪಟ್ಟವಳೇ. ಆದರೆ ಬೆಂಗಳೂರಿನಷ್ಟು ಹತ್ತಿರಕ್ಕೆ ಅದು ನಮಗೆ ದಂಡ. ಅದೇ ವರ್ಷ ನವೆಂಬರಿನಲ್ಲಿ ಹೈದರಾಬಾದು, ತಿರುಪತಿ, ಗೋವಾ ಅಂತ ಶುರುವಾಯ್ತಲ್ಲ, ಆ ಥರದ ದೂರದ ಊರಿಗಾದರೆ ಸೋಗಾನೆವರೆಗೆ ಹೋಗೋದಕ್ಕೂ ಅರ್ಥ ಉಂಟು.

ತಿರುಪತಿ ಅಂದದ್ದೇ ಮೇಷ್ಟ್ರ ಕಿವಿ ನೆಟ್ಟಗಾಯ್ತು. "ಹರಕೆಯೊಂದು ಬಾಕಿ ಇದೆ ಅಕ್ಕಾವ್ರೇ, ಮುಡಿ ಕೊಡೋದು. ವಿಮಾನದಲ್ಲೇ ಹೋಗಿಬಿಡ್ಲಾ?"

"ಮೊದಲು ಟಿಕೆಟ್ ರೇಟ್ ನೋಡಿ ಮೇಷ್ಟ್ರೇ. ತಲೆ ಬೋಳಿಸೋದು ಅಲ್ಲಿಗೆ ಹೋದ ಮೇಲೇ ಆಗಲಿ."