ಬ್ಯಾಟರಿ ಫುಲ್, ಟ್ಯಾಂಕ್ ಖಾಲಿ

ಜುಲೈ ತಿಂಗಳಲ್ಲಿ ನಮ್ಮ ಮನೆಯಲ್ಲಿ ನೀರಿಲ್ಲ ಅಂದರೆ ಮೈಸೂರಿನ ನೆಂಟರು ನಗುತ್ತಾರೆ. ಮಡಿಕೇರಿ ಸುತ್ತಮುತ್ತ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ. ಅಂಗಳದಲ್ಲಿ ನೀರು, ಗದ್ದೆಯಲ್ಲಿ ನೀರು, ಗೋಡೆ ಮುಟ್ಟಿದರೆ ಗೋಡೆಯಲ್ಲೂ ನೀರು. ನಲ್ಲಿ ತಿರುಗಿಸಿದರೆ ಮಾತ್ರ ಬುಸ್ಸೆಂದು ಗಾಳಿ. ಬಾವಿ ಇರುವುದು ಕೆಳಗೆ ಗದ್ದೆ ಬದಿಯಲ್ಲಿ, ಮನೆ ಇರುವುದು ಮೇಲೆ ದಿಣ್ಣೆಯಲ್ಲಿ. ನಡುವೆ ಇರಬೇಕಾದ್ದು ಕರೆಂಟು. ಗಾಳಿ ಎದ್ದ ಕೂಡಲೇ ಯಾರದೋ ತೋಟದ ಸಿಲ್ವರ್ ಓಕ್ ಮರ ತಂತಿಯ ಮೇಲೆ ಒರಗುತ್ತದೆ. ಆಮೇಲೆ ಮೂರು ದಿನ ಕತ್ತಲೆ. ಲೈನ್‌ಮ್ಯಾನ್ ಮೇಲೆ ನನಗೆ ಸಿಟ್ಟಿಲ್ಲ. ಜಿಗಣೆ ಕಚ್ಚಿಸಿಕೊಂಡು ಕಂಬ ಹತ್ತುವವನ ಮೇಲೆ, ಒಲೆ ಮುಂದೆ ಕಾಲು ಚಾಚಿ ಕೂತವನು ಸಿಟ್ಟಾಗಬಾರದು.

ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ನಮ್ಮ ತಲಕಾವೇರಿಯಲ್ಲಿ ಹುಟ್ಟಿದ ನೀರು ಶಿವನಸಮುದ್ರದಲ್ಲಿ ಧುಮುಕಿ, 1902ರಲ್ಲೇ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿತು. 1905ಕ್ಕೆ ಬೆಂಗಳೂರಿನ ಬೀದಿ ದೀಪ ಹತ್ತಿಸಿತು. ತವರಿನ ಬಾವಿಯಿಂದ ಎರಡು ಕೊಡ ಮೇಲೆತ್ತಿ ಕೊಡು ಅಂದರೆ ಮಾತ್ರ ಆಗುವುದಿಲ್ಲ. ಕೊಟ್ಟ ಹೆಣ್ಣು, ಕೇಳುವ ಹಾಗಿಲ್ಲ.

ಹೋದ ಮಳೆಗಾಲಕ್ಕೆ ಮುಂಚೆ ನಾನು ಕಾಗದ, ಪೆನ್ನು ಹಿಡಿದು ಕೂತೆ. ಮನೆಯಲ್ಲಿ 900 ವಿಎ ಯುಪಿಎಸ್ ಇದೆ. ಮೋಟರ್ 1 ಎಚ್‌ಪಿ, ಅಂದರೆ 746 ವಾಟ್. 900ಕ್ಕಿಂತ 746 ಕಡಿಮೆ ಎಂದು ಒಂದನೇ ಕ್ಲಾಸಿನವನೂ ಹೇಳುತ್ತಾನೆ. ಬ್ಯಾಟರಿ 12 ವೋಲ್ಟ್, 150 ಎಎಚ್. ಗುಣಿಸಿದರೆ 1,800 ವಾಟ್-ಅವರ್. 746ರಿಂದ ಭಾಗಿಸಿದರೆ ಹತ್ತಿರ ಹತ್ತಿರ ಎರಡು ಗಂಟೆ ಇಪ್ಪತ್ತೈದು ನಿಮಿಷ ನೀರೋ ನೀರು! ಇಷ್ಟು ವರ್ಷ ಯಾರಿಗೂ ಹೊಳೆಯದ್ದು ನನಗೆ ಹೊಳೆಯಿತಲ್ಲ ಎಂದು ಹೆಂಡತಿಯನ್ನು ಕರೆದು ಕಾಗದ ತೋರಿಸಿದೆ. ಅವಳು ಲೆಕ್ಕ ನೋಡಲಿಲ್ಲ, ನನ್ನ ಮುಖ ನೋಡಿದಳು. "ರೀ, ಫ್ರಿಜ್ಜಿಗೇನೂ ಆಗಲ್ಲ ತಾನೇ?"

ಮಳೆ ಹಿಡಿದು ಕರೆಂಟು ಹೋದ ದಿನ ಸ್ವಿಚ್ ಹಾಕಿದೆ. ಕೆಳಗೆ ಮೋಟರ್ 'ಹ್ಞೂಂ' ಎಂದಿತು. ಮೇಲೆ ಯುಪಿಎಸ್ 'ಕೀಂ' ಎಂದಿತು. ಆಮೇಲೆ ಇಬ್ಬರೂ ಮಾತಾಡಲಿಲ್ಲ. ಸುತ್ತ ನಾಲ್ಕು ಮನೆಯಲ್ಲಿ ದೀಪ ಉರಿಯುತ್ತಿದ್ದ ಒಂದೇ ಮನೆ ನಮ್ಮದಾಗಿತ್ತು. ಅದೂ ಸಮಾನತೆಗೆ ಸೇರಿತು.

ಮರುದಿನ ಎಲೆಕ್ಟ್ರಿಷಿಯನ್ ಬಂದು ವಿವರಿಸಿದ. "ಸಾರ್, ಮೋಟರ್ ಓಡುವಾಗ ಐದಾರು ಆಂಪಿಯರ್ ತಗೊಳ್ಳುತ್ತೆ, ಸರಿ. ಆದ್ರೆ ಎದ್ದೇಳುವಾಗ ಅದರ ಐದಾರು ಪಟ್ಟು ಎಳೆಯುತ್ತೆ." ನನಗೆ ತಕ್ಷಣ ಅರ್ಥವಾಯಿತು. ನಮ್ಮ ಮಾವ ಮದುವೆ ಊಟದಲ್ಲಿ ಪಂದಿ ಕರಿ, ಕಡಂಬುಟ್ಟು ಮುಗಿಸಿ ಏಳಬೇಕಾದರೆ ಇಬ್ಬರು ಕೈ ಕೊಡಬೇಕು. ಎದ್ದ ಮೇಲೆ ಜೀಪಿನವರೆಗೆ ಅವರೇ ನಡೆದು ಹೋಗುತ್ತಾರೆ. 746 ಎನ್ನುವುದು ಮೋಟರ್ ಮಾಡುವ ಕೆಲಸದ ಲೆಕ್ಕ, ಅದು ತಿನ್ನುವುದು ಸಾವಿರ ದಾಟುತ್ತದೆ ಎಂದೂ ಅವನೇ ತಿದ್ದಿದ. ಹೋಗುವಾಗ ಬ್ಯಾಟರಿಯ ಮುಚ್ಚಳ ತೆಗೆದು, "ನೀರು ಹಾಕಿಲ್ವಲ್ಲ ಸಾರ್" ಎಂದ. ಹೊರಗೆ ಜಡಿಮಳೆ ಸುರಿಯುತ್ತಿರುವಾಗ ನಾನು ಕೊಡೆ ಹಿಡಿದು ಪೇಟೆಗೆ ಹೋಗಿ ಐದು ಲೀಟರ್ ಡಿಸ್ಟಿಲ್ಡ್ ವಾಟರ್ ದುಡ್ಡು ಕೊಟ್ಟು ತಂದೆ.

ಇಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆ ವರ್ಷ ಕರಿಮೆಣಸಿಗೆ ಒಳ್ಳೆ ರೇಟು ಸಿಕ್ಕಿತ್ತು, ಅದೇ ತಪ್ಪಾಯಿತು. ಮೆಣಸಿನ ದುಡ್ಡು ಪೂರ್ತಿ ಲಿಥಿಯಂ ಬ್ಯಾಟರಿ ಮತ್ತು 5 ಕಿಲೋವಾಟ್ ಇನ್ವರ್ಟರ್ ಆಗಿ ಗೋಡೆ ಏರಿತು. 48 ವೋಲ್ಟ್, 100 ಎಎಚ್. ಹತ್ತಿರ ಹತ್ತಿರ ಐದು ಯೂನಿಟ್. ನೀರು ಕೇಳುವುದಿಲ್ಲ, ಶೇಕಡಾ ಎಷ್ಟು ಉಳಿದಿದೆ ಎಂದು ಮೊಬೈಲಿನಲ್ಲಿ ತೋರಿಸುತ್ತದೆ. ಮೋಟರ್ ಎದ್ದು ನಿಂತಿತು. ಅರ್ಧ ಗಂಟೆಗೆ ಸಾವಿರ ಲೀಟರಿನ ಟ್ಯಾಂಕ್ ತುಂಬಿ ಚೆಲ್ಲಿತು. ಮಳೆಯಲ್ಲಿ ನಿಂತು ಅದು ಚೆಲ್ಲುವುದನ್ನು ನೋಡಿದೆ.

ಆದರೆ ಕಾಗದ, ಪೆನ್ನಿನ ಚಾಳಿ ಬಿಡಬೇಕಲ್ಲ. ಸಾವಿರ ಲೀಟರ್ ನೀರನ್ನು 30 ಮೀಟರ್ ಎತ್ತಲು ಪ್ರಕೃತಿ ಕೇಳುವ ಶಕ್ತಿ 0.08 ಯೂನಿಟ್ ಮಾತ್ರ. ನನ್ನ ಮೋಟರ್, ಪೈಪು, ನಾಲ್ಕು ಎಲ್ಬೋ ಸೇರಿ ಅರ್ಧ ಯೂನಿಟ್ ತಿನ್ನುತ್ತಿದ್ದವು. ಅಂತೂ ಅರ್ಧ ಯೂನಿಟ್ ಕೆಲಸಕ್ಕೆ ಒಂದು ವರ್ಷದ ಮೆಣಸು. ಕರೆಂಟು ಇರುವಾಗಲೇ ತುಂಬಿಸಿಡಲು ಇನ್ನೆರಡು ಟ್ಯಾಂಕ್ ಕೂರಿಸಿದ್ದರೆ ಮೂಟೆಗಟ್ಟಲೆ ಮೆಣಸು ಉಳಿಯುತ್ತಿತ್ತು. ಈ ಲೆಕ್ಕವನ್ನು ಹೆಂಡತಿಗೆ ತೋರಿಸಲಿಲ್ಲ.

ಅವ್ವನಿಗೆ ತೋರಿಸುವ ಅಗತ್ಯವೇ ಇರಲಿಲ್ಲ. ಅವಳು ಮದುವೆಯಾಗಿ ಬಂದಾಗ ಮೇಲಿನ ತೋಡಿನಿಂದ ಅಡಿಕೆ ಮರದ ದಂಬೆಯಲ್ಲಿ ನೀರು ತಾನಾಗಿ ಅಂಗಳಕ್ಕೆ ಬರುತ್ತಿತ್ತಂತೆ. "ದಂಬೆಗೆ ಚಾರ್ಜ್ ಹಾಕ್ಬೇಕಿರ್ಲಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಸೂರಿನ ಕೆಳಗೆ ಅವಳದೊಂದು ನೀಲಿ ಡ್ರಮ್ ಇತ್ತು, ತೆಗೆಯಲು ಬಿಡಲಿಲ್ಲ.

ಆಗಸ್ಟ್ 3 ಬಂತು. ನಮ್ಮ ಕಕ್ಕಡ ತಿಂಗಳ ಹದಿನೆಂಟು. ಮದ್ದುಸೊಪ್ಪು ಬೇಯಿಸಿ, ಆ ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡುವ ದಿನ. ತಿಂದವರ ಮೂತ್ರ ಕೆಂಪಾಗುತ್ತದೆ. ಅದನ್ನು ಗೊತ್ತಿಲ್ಲದ ನೆಂಟರಿಗೆ ಮೊದಲೇ ಹೇಳದಿರುವುದೂ ನಮ್ಮ ಕಡೆ ಆಚರಣೆಯ ಭಾಗ. ಹನ್ನೊಂದು ಜನ ಬಂದಿದ್ದರು. ಕರೆಂಟು ಹಿಂದಿನ ಸಂಜೆಯೇ ಹೋಗಿತ್ತು. ನಾನು ಇದಕ್ಕೇ ಕಾಯುತ್ತಿದ್ದೆ. ಎಲ್ಲರನ್ನೂ ಗೋಡೆಯ ಮುಂದೆ ನಿಲ್ಲಿಸಿ, ಮೊಬೈಲಿನಲ್ಲಿ 100 ತೋರಿಸಿ, ಮೋಟರ್ ಹಾಕಿದೆ.

ಮೋಟರ್ ಸುಶ್ರಾವ್ಯವಾಗಿ ಓಡಿತು. ಹತ್ತು ನಿಮಿಷ, ಹದಿನೈದು ನಿಮಿಷ. ಟ್ಯಾಂಕಿಗೆ ಹನಿ ಬೀಳಲಿಲ್ಲ. ಪಾಯಸ ತಿಂದ ನೆಂಟನೊಬ್ಬ ಬಚ್ಚಲಿನಿಂದ ಗಾಬರಿಯಲ್ಲಿ ಕೂಗಿ, ಆಮೇಲೆ ನೀರಿಲ್ಲ ಎಂದೂ ಕೂಗಿದ. ಕೊಡೆ ಹಿಡಿದು ಬಾವಿಗೆ ಇಳಿದೆ. ಫುಟ್‌ವಾಲ್ವಿನ ಬಾಯಿಗೆ ಹಲಸಿನ ಎಲೆಯ ಚೂರೊಂದು ಸಿಕ್ಕಿಕೊಂಡು, ಪೈಪಿನ ನೀರೆಲ್ಲ ಬಾವಿಗೇ ಇಳಿದು, ಮೋಟರ್ ಏರ್ ಹಿಡಿದಿತ್ತು. ಇನ್ನು ಬಾಯಿಗೆ ನೀರು ಹೊಯ್ಯದೆ ಅದು ಎಳೆಯುವುದಿಲ್ಲ. ನೀರೆತ್ತಲು ನೀರು ಬೇಕು, ಬಾವಿಗೆ ಹಗ್ಗ ಇಲ್ಲ. ಬ್ಯಾಟರಿ ಬಂದ ಸಂಭ್ರಮದಲ್ಲಿ ಆ ಹಗ್ಗದಲ್ಲಿ ಕರು ಕಟ್ಟಿದ್ದೆ.

ಅವ್ವ ಒಂದು ಮಾತೂ ಆಡದೆ ಡ್ರಮ್ಮಿನಿಂದ ಎರಡು ಬಕೆಟ್ ತುಂಬಿಸಿ ಕಳಿಸಿದಳು. ಆ ನೀರು ಹೊಯ್ದ ಮೇಲೆ ಮೋಟರ್ ಎಳೆಯಿತು. ನನ್ನ ಕಾಲಲ್ಲಿ ಏಳು ಜಿಗಣೆ ಇದ್ದವು.

ಈ ಮಳೆಗಾಲದಲ್ಲಿ ನಮ್ಮ ಕಡೆ ಬಂದರೆ ಖಂಡಿತ ಮನೆಗೆ ಬನ್ನಿ. ಬ್ಯಾಟರಿ ತೋರಿಸುತ್ತೇನೆ, ಈಗ 98 ಇದೆ. ಕೈಕಾಲು ತೊಳೆಯಲು ನೀರು ಸೂರಿನ ಕೆಳಗೆ ನೀಲಿ ಡ್ರಮ್ಮಿನಲ್ಲಿದೆ, ಚೊಂಬು ಅದರ ಮೇಲೆಯೇ ಇಟ್ಟಿರುತ್ತೇವೆ.